ಬೋರ್ಡ್ ಸತ್ತಿಲ್ಲ, ಸಂಪರ್ಕ ಸಿಕ್ಕಿಲ್ಲ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



'ತಂತ್ರಜ್ಞಾನ ಮತ್ತು ಯುವಜನಾಂಗ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದರು. ವಿಷಯ ಬಹಳ ದೊಡ್ಡದು. ಅಷ್ಟು ದೊಡ್ಡದನ್ನು ಹಿಡಿದುಕೊಂಡು ಮುಕ್ಕಾಲು ಗಂಟೆ ಮಾತನಾಡಿದರೆ ನೀವು ಚಪ್ಪಾಳೆ ತಟ್ಟಿ ಊಟಕ್ಕೆ ಹೋಗುತ್ತೀರಿ, ಕೈಗೆ ಮಾತ್ರ ಏನೂ ಸಿಕ್ಕಿರುವುದಿಲ್ಲ. ಆದ್ದರಿಂದ ಅವರ ಅನುಮತಿ ಪಡೆದು ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ನಿಮ್ಮಲ್ಲಿ ಡಿಪ್ಲೊಮಾ, ಬಿಇ, ಬಿಎಸ್ಸಿ ಎಲೆಕ್ಟ್ರಾನಿಕ್ಸ್ ಓದುತ್ತಿರುವವರು ಅನೇಕರಿದ್ದೀರಿ. ಆರ್ಡುಯಿನೋ ಬೋರ್ಡನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದವರು ಇನ್ನೂ ಹೆಚ್ಚು. ಆ ಬೋರ್ಡನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಸಿಕ್ಕಿಸಿ, 'ಅಪ್‌ಲೋಡ್' ಗುಂಡಿ ಒತ್ತಿ, ಪರದೆಯ ಕೆಳಗೆ ಕೆಂಪು ಅಕ್ಷರಗಳ ಸಾಲು ಮೂಡುವುದನ್ನು ನೀವು ಕಂಡಿದ್ದೀರಿ. 'ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್' ಎಂದು ಅದು ಹೇಳುತ್ತದೆ. ಇಂದು ನಾನು ಮಾತನಾಡುವುದು ಆ ಕೆಂಪು ಸಾಲಿನ ಬಗ್ಗೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣ ಬೇಕೇ ಎಂದು ಹಿರಿಯರಿಗೆ ಅನ್ನಿಸಬಹುದು. ಆ ಕೆಂಪು ಸಾಲು ಬಂದ ನಂತರ ನಡೆಯುವುದನ್ನು ಸ್ವಲ್ಪ ಗಮನಿಸಿ. ವಿದ್ಯಾರ್ಥಿ ಮೊದಲು ಕೇಬಲ್ ಎಳೆದು ಮತ್ತೆ ಸಿಕ್ಕಿಸುತ್ತಾನೆ. ಆಗಲಿಲ್ಲ. ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಶುರು ಮಾಡುತ್ತಾನೆ. ಆಗಲಿಲ್ಲ. ಗೆಳೆಯ ಹೇಳಿದ ಯಾವುದೋ ಸಾಫ್ಟ್‌ವೇರ್ ತೆಗೆದು ಇನ್ನೊಂದನ್ನು ಹಾಕುತ್ತಾನೆ. ಸಂಜೆಯಾಗುವ ಹೊತ್ತಿಗೆ 'ಬೋರ್ಡ್ ಹೋಗಿದೆ ಸರ್' ಎಂಬ ತೀರ್ಮಾನ ಬರುತ್ತದೆ. ಮರುದಿನ ಇನ್ನೊಂದು ಬೋರ್ಡ್ ಖರೀದಿ. ಕೆಲವು ನೂರು ರೂಪಾಯಿ ಕೆಲವು ಮನೆಗಳಲ್ಲಿ ಸಣ್ಣ ಮೊತ್ತವಲ್ಲ ಎಂಬುದು ನಮ್ಮ ಸಂಘಕ್ಕೆ ಚೆನ್ನಾಗಿ ಗೊತ್ತು. ಹೊಸ ಬೋರ್ಡಿನಲ್ಲೂ ಅದೇ ಕೆಂಪು ಸಾಲು ಬಂದರೆ, ಮುಂದಿನ ತೀರ್ಮಾನ ಬೋರ್ಡಿನ ಮೇಲಲ್ಲ, ತನ್ನ ಮೇಲೆಯೇ: 'ಇದು ನನ್ನಿಂದ ಆಗುವ ಕೆಲಸವಲ್ಲ'. ಆಗ ಅವನು ಹಣ ಕೊಟ್ಟು ತಯಾರಾದ ಪ್ರಾಜೆಕ್ಟ್ ತಂದು, ವೈವಾಕ್ಕೆ ನಾಲ್ಕು ಉತ್ತರ ಬಾಯಿಪಾಠ ಮಾಡಿ, ಪದವಿ ಪಡೆದು ಹೊರಗೆ ಬರುತ್ತಾನೆ. ಇಂತಹ ಪ್ರಾಜೆಕ್ಟ್ ಮಾರುವ ಅಂಗಡಿಗಳು ಯಾವ ಊರಿನಲ್ಲಿವೆ ಎಂದು ನಾನು ಹೇಳಬೇಕಾಗಿಲ್ಲ. ಅಲ್ಲಿಗೆ ಹೋಗುವವರೆಲ್ಲ ಸೋಮಾರಿಗಳೆಂದು ನಾನು ನಂಬುವುದಿಲ್ಲ. ಅವರಲ್ಲಿ ಅನೇಕರು ಇಂತಹ ಒಂದು ಕೆಂಪು ಸಾಲಿನ ಮುಂದೆ ಸೋತು ಹೋದವರು.

ಬೋರ್ಡಿನ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರಿಯಾ ಎಂಬ ಪಟ್ಟಣದ ಒಂದು ವಿನ್ಯಾಸ ಸಂಸ್ಥೆಯಲ್ಲಿ. ಒಲಿವೆಟ್ಟಿ ಟೈಪ್‌ರೈಟರಿನ ಊರು ಅದು. ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳೂ ಬಳಸುವಂತಹ ಅಗ್ಗದ ಬೋರ್ಡ್ ಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದರಿಂದ ಚೀನಾದಲ್ಲಿ ಅದರ ಪ್ರತಿಗಳು ತಯಾರಾದವು, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೂ ಸಿಗತೊಡಗಿದವು. ನಿಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಅಂತಹ ಪ್ರತಿಯೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಮೂಲ ಬೋರ್ಡಿಗೂ ಪ್ರತಿಗೂ ಯುಎಸ್‌ಬಿ ಭಾಗದಲ್ಲಿ ಒಂದು ವ್ಯತ್ಯಾಸವಿದೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ನಾವು ಅಪ್‌ಲೋಡ್ ಗುಂಡಿ ಒತ್ತೋಣ. ಒಳಗೆ ಏನು ನಡೆಯುತ್ತದೆ? ಇದನ್ನು ನಿಧಾನವಾಗಿ ಕೇಳಿ. ಇದೊಂದು ಅರ್ಥವಾದರೆ ಮಿಕ್ಕದ್ದನ್ನು ನೀವೇ ಊಹಿಸಬಲ್ಲಿರಿ.

ಮೊದಲು ನಿಮ್ಮ ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಇದು ಪೂರ್ತಿ ಕಂಪ್ಯೂಟರಿನ ಒಳಗಿನ ಕೆಲಸ, ಬೋರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಅರ್ಧವಿರಾಮ ಬಿಟ್ಟುಹೋಗಿದ್ದರೆ ತಪ್ಪು ಇಲ್ಲೇ ಸಿಗುತ್ತದೆ. ಈ ಹಂತ ದಾಟಿದಾಗ ನಿಮ್ಮ ಸ್ಕೆಚ್ ಇಷ್ಟು ಬೈಟ್ ಬಳಸಿದೆ, ಗರಿಷ್ಠ 32256 ಬೈಟ್ ಎಂಬ ಒಂದು ಸಾಲು ಕಾಣುತ್ತದೆ. ಉನೋ ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿನಲ್ಲಿ 32 ಕೆಬಿ ಎಂದರೆ 32768 ಬೈಟ್ ಜಾಗವಿರಬೇಕಲ್ಲ, ಉಳಿದ 512 ಎಲ್ಲಿ ಹೋಯಿತು ಎಂದು ಗಣಿತ ಬಲ್ಲವರು ಕೇಳಬೇಕು. ಆ 512 ಬೈಟ್‌ಗಳಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಕುಳಿತಿದೆ. ನಮ್ಮ ಕಥೆಯ ಮುಖ್ಯ ಪಾತ್ರ ಅದೇ. ಬೈಟ್‌ಗಳ ಸಾಲು ಕಾಣಿಸಿದ ಮೇಲೆ ದೋಷ ಬಂದರೆ ನಿಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕುಳಿತುಕೊಳ್ಳಬೇಡಿ. ಅದು ದಾರಿಯ ದೋಷ.

ಬಳಿಕ ಎವಿಆರ್‌ಡ್ಯೂಡ್ ಎಂಬ ಸಾಫ್ಟ್‌ವೇರ್ ಕೆಲಸಕ್ಕೆ ಇಳಿಯುತ್ತದೆ. ಅದು ನೀವು ಆರಿಸಿದ ಕಾಂ ಪೋರ್ಟನ್ನು ತೆರೆಯುತ್ತದೆ. ಡ್ರೈವರ್ ಮೂಲಕ, ಕೇಬಲ್ ಮೂಲಕ, ಸಂದೇಶ ಬೋರ್ಡಿನ ಅಂಚಿನಲ್ಲಿರುವ ಇನ್ನೊಂದು ಸಣ್ಣ ಚಿಪ್ಪಿಗೆ ಬರುತ್ತದೆ. ಈ ಚಿಪ್ ದುಭಾಷಿ ಇದ್ದಂತೆ. ಕಂಪ್ಯೂಟರ್ ಆಡುವುದು ಯುಎಸ್‌ಬಿ ಭಾಷೆ, ಎಟಿಮೆಗಾಕ್ಕೆ ತಿಳಿಯುವುದು ಸೀರಿಯಲ್ ಭಾಷೆ, ಇವೆರಡರ ನಡುವೆ ಇದು ಅನುವಾದ ಮಾಡುತ್ತದೆ. ಪೋರ್ಟ್ ತೆರೆದ ಕ್ಷಣ ಡಿಟಿಆರ್ ಎಂಬ ಒಂದು ಸಂಜ್ಞೆ ಕೆಳಗಿಳಿಯುತ್ತದೆ. 0.1 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಅದನ್ನು ಕ್ಷಣಮಾತ್ರದ ಮಿಡಿತವನ್ನಾಗಿ ಮಾಡಿ ಎಟಿಮೆಗಾದ ರೀಸೆಟ್ ಪಿನ್ನಿಗೆ ಕೊಡುತ್ತದೆ. ಚಿಪ್ ಮೊದಲಿನಿಂದ ಎದ್ದು ಕುಳಿತು ಬೂಟ್‌ಲೋಡರನ್ನು ಓಡಿಸುತ್ತದೆ. ಬೂಟ್‌ಲೋಡರ್ ಸುಮಾರು ಒಂದು ಸೆಕೆಂಡ್ ಮಾತ್ರ ಬಾಗಿಲು ತೆರೆದಿಟ್ಟುಕೊಂಡು ಯಾರಾದರೂ ಬಂದರೇ ಎಂದು ನೋಡುತ್ತದೆ. ಯಾರೂ ಬರದಿದ್ದರೆ ಬಾಗಿಲು ಮುಚ್ಚಿ ಹಳೆಯ ಪ್ರೋಗ್ರಾಮನ್ನೇ ಓಡಿಸುತ್ತದೆ.

ಆ ಒಂದು ಸೆಕೆಂಡಿನೊಳಗೆ ಎವಿಆರ್‌ಡ್ಯೂಡ್ ಎರಡು ಬೈಟ್ ಕಳುಹಿಸಬೇಕು. ಹೆಕ್ಸ್ ಸಂಖ್ಯೆಯಲ್ಲಿ ಹೇಳುವುದಾದರೆ 30 ಮತ್ತು 20. ಬೂಟ್‌ಲೋಡರ್ ಅದಕ್ಕೆ 14 ಮತ್ತು 10 ಎಂದು ಉತ್ತರ ಕೊಡಬೇಕು. ಬಾಗಿಲು ತಟ್ಟಿ 'ಯಾರಾದರೂ ಇದ್ದೀರಾ?' ಎಂದು ಕೇಳುವುದು, ಒಳಗಿನಿಂದ 'ಇದ್ದೇನೆ, ಬನ್ನಿ' ಎಂಬ ಉತ್ತರ ಬರುವುದು, ಅಷ್ಟೇ. ಈ ಉತ್ತರ ಬಾರದಿದ್ದಾಗ ಎವಿಆರ್‌ಡ್ಯೂಡ್ ಹತ್ತು ಸಲ ಪ್ರಯತ್ನಿಸಿ, ಪ್ರತಿ ಸಲವೂ 'ನಾಟ್ ಇನ್ ಸಿಂಕ್' ಎಂದು ಬರೆದು, ಕೊನೆಗೆ ಕೈಚೆಲ್ಲುತ್ತದೆ. ನೀವು ಕಾಣುವ ಕೆಂಪು ಸಾಲುಗಳು ಆ ಹತ್ತು ತಟ್ಟುವಿಕೆಗಳ ಲೆಕ್ಕ. ಅದರಲ್ಲಿ ಎಲ್ಲಿಯೂ 'ಬೋರ್ಡ್ ಸತ್ತಿದೆ' ಎಂದು ಬರೆದಿಲ್ಲ. ಉತ್ತರ ಬರಲಿಲ್ಲ ಎಂದಷ್ಟೇ ಬರೆದಿದೆ. ಮನೆಯಲ್ಲಿ ಜನರಿಲ್ಲದಿರಬಹುದು, ನಾವು ಬೇರೆ ಮನೆಯ ಬಾಗಿಲು ತಟ್ಟುತ್ತಿರಬಹುದು, ಒಳಗಿನವರು ಇನ್ನೊಬ್ಬರ ಜೊತೆ ಮಾತಿನಲ್ಲಿರಬಹುದು.

ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷದ ಸಂದೇಶವನ್ನು ಓದುವುದು ಸುಲಭ. ಸಂದೇಶ ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದೇ ನಮ್ಮ ಪ್ರಶ್ನೆ. ಆದರೆ ನಮ್ಮ ಹುಡುಗರು ಕೆಂಪು ಬಣ್ಣ ನೋಡುತ್ತಾರೆಯೇ ಹೊರತು ಅಕ್ಷರಗಳನ್ನು ಓದುವುದಿಲ್ಲ! 'ಎರರ್ ಬಂತು ಸರ್' ಎನ್ನುತ್ತಾರೆ. 'ಏನೆಂದು ಬಂತು?' ಎಂದು ಕೇಳಿದರೆ 'ಏನೋ ಬಂತು' ಎಂಬುದೇ ಉತ್ತರ. ವೈದ್ಯರ ಬಳಿ ಹೋಗಿ 'ಎಲ್ಲಿಯೋ ನೋಯುತ್ತದೆ' ಎಂದು ಹೇಳುತ್ತೀರಾ?

ಪೋರ್ಟಿನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ, ಅಥವಾ 'ಕಾಂಟ್ ಓಪನ್ ಡಿವೈಸ್' ಎಂಬುದರ ಮುಂದೆ ಕಡತ ಸಿಗುತ್ತಿಲ್ಲ ಎಂಬ ಅರ್ಥದ ಮಾತಿದ್ದರೆ, ಕಂಪ್ಯೂಟರಿಗೆ ಬೋರ್ಡ್ ಬಂದಿರುವುದೇ ಗೊತ್ತಿಲ್ಲ. ಇಲ್ಲಿ ಮೊದಲ ಸಂಶಯ ಕೇಬಲ್ ಮೇಲೆ. ಸಾಮಾನ್ಯ ಯುಎಸ್‌ಬಿ 2.0 ಕೇಬಲಿನಲ್ಲಿ ನಾಲ್ಕು ತಂತಿಗಳಿರುತ್ತವೆ. ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಮಾಹಿತಿಗೆ. ಮೊಬೈಲ್ ಚಾರ್ಜ್ ಮಾಡಲೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಹಸಿರು, ಬಿಳಿ ತಂತಿಗಳನ್ನು ಹಾಕಿರುವುದೇ ಇಲ್ಲ. ಅಂತಹ ಕೇಬಲ್ ಸಿಕ್ಕಿಸಿದರೆ ಬೋರ್ಡಿನ ಪವರ್ ದೀಪ ಉರಿಯುತ್ತದೆ, ಒಳಗಿರುವ ಹಳೆಯ ಪ್ರೋಗ್ರಾಂ ಓಡಿ ಎಲ್‌ಇಡಿ ಮಿನುಗುತ್ತದೆ, ಎಲ್ಲವೂ ಸರಿಯಿದೆ ಎಂದೇ ಕಾಣುತ್ತದೆ. ಮಾತು ಮಾತ್ರ ಹೋಗುವುದಿಲ್ಲ. ದೀಪ ಉರಿಯುವುದು ಅರ್ಧ ಕೇಬಲಿನ ಸಾಕ್ಷಿ ಮಾತ್ರ. ನಾನು ನೋಡಿದ 'ಸತ್ತ' ಬೋರ್ಡ್‌ಗಳಲ್ಲಿ ಬಹಳಷ್ಟು ಈ ಒಂದು ಕಾರಣದಿಂದಲೇ ಸತ್ತಿದ್ದವು. ಪರೀಕ್ಷೆ ಸುಲಭ. ಅದೇ ಕೇಬಲಿನಲ್ಲಿ ಒಂದು ಮೊಬೈಲನ್ನು ಸಿಕ್ಕಿಸಿ ಒಂದು ಫೋಟೋವನ್ನು ಕಂಪ್ಯೂಟರಿಗೆ ನಕಲು ಮಾಡಿ ನೋಡಿ. ಫೋಟೋ ಬಂದರೆ ಕೇಬಲ್ ಸರಿ. ಉನೋದ ಚೌಕಾಕಾರದ ಕೇಬಲ್ ಮೊಬೈಲಿಗೆ ಕೂರುವುದಿಲ್ಲ, ಅದಕ್ಕೆ ಪ್ರಿಂಟರ್ ಇದೆ. ಪ್ರಿಂಟ್ ಬಂದರೆ ಸಾಕು. ಕಂಪ್ಯೂಟರಿನ ಮುಂಭಾಗದ ಸಾಕೆಟ್ ಬಿಟ್ಟು ಹಿಂಭಾಗದ್ದರಲ್ಲಿ ಸಿಕ್ಕಿಸಿ ನೋಡುವುದೂ ಇದೇ ಹೊತ್ತಿನ ಕೆಲಸ. ಯುಎಸ್‌ಬಿ ಹಬ್ ನಡುವೆ ಇದ್ದರೆ ಅದನ್ನು ತೆಗೆದುಬಿಡಿ.

ಕೇಬಲ್ ಸರಿಯಿದ್ದೂ ಪೋರ್ಟ್ ಇಲ್ಲವೆಂದರೆ ದುಭಾಷಿ ಚಿಪ್ಪಿನ ಕಡೆಗೆ ಬನ್ನಿ. ಮೂಲ ಬೋರ್ಡಿಗೂ ಪ್ರತಿಗೂ ವ್ಯತ್ಯಾಸವಿದೆ ಎಂದೆನಲ್ಲ, ಅದು ಇಲ್ಲಿದೆ. ಮೂಲ ಉನೋದಲ್ಲಿ ಈ ಕೆಲಸಕ್ಕೆ ಎಟಿಮೆಗಾ 16ಯು2 ಎಂಬ ಚಿಪ್ ಇದೆ. ಅಗ್ಗದ ಪ್ರತಿಗಳಲ್ಲಿ ಸಾಮಾನ್ಯವಾಗಿ ಇರುವುದು ಚೀನಾದ ಸಿಎಚ್340. ಅದಕ್ಕೆ ಅದರದೇ ಡ್ರೈವರ್ ಬೇಕು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಬೋರ್ಡನ್ನು ಸಿಕ್ಕಿಸಿ, ತೆಗೆಯಿರಿ, ಮತ್ತೆ ಸಿಕ್ಕಿಸಿ. ಪ್ರತಿ ಸಲವೂ ಪಟ್ಟಿ ಅಲುಗಾಡಬೇಕು. ಹಳದಿ ತ್ರಿಕೋನದ ಗುರುತಿನೊಡನೆ ಏನಾದರೂ ಬಂದರೆ ಸಂತೋಷಪಡಿ. ಕೇಬಲ್ ಸರಿಯಿದೆ, ಚಿಪ್ ಜೀವಂತವಿದೆ, ಡ್ರೈವರ್ ಮಾತ್ರ ಬೇಕು ಎಂದು ಅದರ ಅರ್ಥ. ಏನೂ ಅಲುಗಾಡದಿದ್ದರೆ ಕೇಬಲ್, ಸಾಕೆಟ್, ಬೋರ್ಡಿನ ಕನೆಕ್ಟರಿನ ಬೆಸುಗೆ, ಇವಿಷ್ಟರಲ್ಲೇ ಹುಡುಕಿ.

ಡ್ರೈವರ್ ವಿಷಯದಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಎಫ್‌ಟಿಡಿಐ ಎಂಬ ಕಂಪೆನಿಯ ದುಭಾಷಿ ಚಿಪ್ ಬಹಳ ಹೆಸರುವಾಸಿ. ಅದರ ನಕಲಿಗಳೂ ಅಷ್ಟೇ ಹೆಸರುವಾಸಿ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಆ ಕಂಪೆನಿಯ ಹೊಸ ಡ್ರೈವರ್, ನಕಲಿ ಚಿಪ್ ಸಿಕ್ಕಿದರೆ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆಯಾಗಿ ಬದಲಿಸಿಬಿಡುತ್ತಿತ್ತು. ನಿನ್ನೆಯವರೆಗೆ ಓಡುತ್ತಿದ್ದ ಬೋರ್ಡ್ ಇಂದು ಯಾವ ಕಂಪ್ಯೂಟರಿಗೂ ಪರಿಚಯವಿಲ್ಲ! ತನ್ನ ಕೈಯಲ್ಲಿರುವುದು ನಕಲಿ ಎಂದು ತಿಳಿಯದ ಬಳಕೆದಾರನಿಗೇಕೆ ಈ ಶಿಕ್ಷೆ ಎಂದು ಲೋಕವೆಲ್ಲ ಗಲಾಟೆಯಾಗಿ, ಆ ಡ್ರೈವರನ್ನು ಹಿಂದಕ್ಕೆ ಪಡೆಯಲಾಯಿತು. ಕಂಪೆನಿಯ ಸಿಟ್ಟು ನ್ಯಾಯವಾದದ್ದೇ, ಆದರೆ ಪೆಟ್ಟು ಬಿದ್ದದ್ದು ನಕಲಿ ಮಾಡಿದವನ ಮೇಲಲ್ಲ ಎಂಬುದು ನನ್ನ ಅಭಿಪ್ರಾಯ. ನಿನ್ನೆ ಸರಿಯಿದ್ದ ಬೋರ್ಡ್ ಇಂದು ಕೆಲಸ ಮಾಡದಿದ್ದಾಗ ರಾತ್ರಿ ವಿಂಡೋಸ್ ತಾನಾಗಿಯೇ ಏನನ್ನಾದರೂ ಬದಲಿಸಿತೇ ಎಂಬುದನ್ನೂ ವಿಚಾರಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಡ್ರೈವರಿಗೆ ಮರಳುವ 'ರೋಲ್ ಬ್ಯಾಕ್' ಗುಂಡಿ ಇದೆ.

ಲಿನಕ್ಸ್ ಬಳಸುವವರಿಗೆ ಡ್ರೈವರ್ ಹುಡುಕುವ ಕಷ್ಟವಿಲ್ಲ, ಅದು ಒಳಗೇ ಇರುತ್ತದೆ. ಅವರಿಗೆ ಬೇರೆ ಎರಡು ಬಗೆಯ ಪರೀಕ್ಷೆ ಕಾದಿದೆ. 'ಪರ್ಮಿಷನ್ ಡಿನೈಡ್' ಎಂದು ಬಂದರೆ ಪೋರ್ಟ್ ಇದೆ, ಅದನ್ನು ಮುಟ್ಟುವ ಹಕ್ಕು ನಿಮ್ಮ ಖಾತೆಗಿಲ್ಲ. ಉಬುಂಟುವಿನಲ್ಲಿ ಖಾತೆಯನ್ನು 'ಡಯಲ್‌ಔಟ್' ಎಂಬ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಲಾಗ್‌ಔಟ್ ಮರೆಯುವವರೇ ಹೆಚ್ಚು. ಎರಡನೆಯದು ವಿಚಿತ್ರವಾದದ್ದು. 2022ರ ಉಬುಂಟು 22.04ರಲ್ಲಿ ಸಿಎಚ್340 ಬೋರ್ಡನ್ನು ಸಿಕ್ಕಿಸಿದೊಡನೆ ಪೋರ್ಟ್ ಕಾಣಿಸಿಕೊಂಡು ಮರುಕ್ಷಣ ಮಾಯವಾಗುತ್ತಿತ್ತು. ಅಂಧರು ಬೆರಳಿನಿಂದ ಓದುವ ಬ್ರೈಲ್ ಪರದೆಗಳನ್ನು ನೋಡಿಕೊಳ್ಳುವ 'ಬಿಆರ್‌ಎಲ್‌ಟಿಟಿವೈ' ಎಂಬ ಒಂದು ಸೇವೆ ಅದರಲ್ಲಿದೆ. ಅಂತಹ ಕೆಲವು ಪರದೆಗಳಲ್ಲೂ ಇದೇ ಚಿಪ್ ಇರುವುದರಿಂದ, ನಿಮ್ಮ ಆರ್ಡುಯಿನೋವನ್ನು ಬ್ರೈಲ್ ಪರದೆ ಎಂದು ತಿಳಿದು ಆ ಸೇವೆ ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಆ ಪ್ಯಾಕೇಜನ್ನು ತೆಗೆದರೆ ಬೋರ್ಡ್ ಸಿಗುತ್ತದೆ. ಆದರೆ ಅದೇ ಕಂಪ್ಯೂಟರನ್ನು ದೃಷ್ಟಿಯಿಲ್ಲದ ಸಹಪಾಠಿ ಬಳಸುತ್ತಿದ್ದರೆ ತೆಗೆಯಬೇಡಿ, ಬೇರೆ ಕಂಪ್ಯೂಟರಿಗೆ ಹೋಗಿ.

ವಿಂಡೋಸ್‌ನಲ್ಲಿ 'ಆ್ಯಕ್ಸೆಸ್ ಈಸ್ ಡಿನೈಡ್' ಎಂದು ಬಂದರೆ ಪೋರ್ಟನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ಒಂದು ಸಲಕ್ಕೆ ಒಬ್ಬರೇ ಮಾತನಾಡಬಹುದಾದ ಫೋನ್ ಇದು. ಹಿಂದೆ ತೆರೆದಿಟ್ಟ ಇನ್ನೊಂದು ಆರ್ಡುಯಿನೋ ಕಿಟಕಿ, ಸೀರಿಯಲ್ ಮಾನಿಟರ್, ಪೈಥಾನ್ ಪ್ರೋಗ್ರಾಂ, 3ಡಿ ಪ್ರಿಂಟರಿನ ಸಾಫ್ಟ್‌ವೇರ್, ಯಾವುದೂ ಆಗಬಹುದು. ಮುಚ್ಚಿ, ಮತ್ತೆ ಒತ್ತಿ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಕಾಡುವ 'ನಾಟ್ ಇನ್ ಸಿಂಕ್' ದೋಷಕ್ಕೆ ಬರೋಣ. ಪೋರ್ಟ್ ಇದೆ, ತೆರೆದಿದೆ, ಬಾಗಿಲು ತಟ್ಟಿದ್ದೇವೆ, ಉತ್ತರವಿಲ್ಲ. ಮೊದಲು ಉನೋದ ಮೇಲಿರುವ ಆರ್‌ಎಕ್ಸ್, ಟಿಎಕ್ಸ್ ಎಂಬ ಎರಡು ಪುಟ್ಟ ದೀಪಗಳನ್ನು ನೋಡಿ. ಕಂಪ್ಯೂಟರಿನಿಂದ ಮಾತು ಬಂದಾಗ ಆರ್‌ಎಕ್ಸ್ ಮಿನುಗುತ್ತದೆ, ಬೋರ್ಡ್ ಉತ್ತರಿಸಿದಾಗ ಟಿಎಕ್ಸ್. ಅಪ್‌ಲೋಡ್ ಮಾಡುವಾಗ ಆರ್‌ಎಕ್ಸ್ ಮಿನುಗಿ ಟಿಎಕ್ಸ್ ಕತ್ತಲಾಗಿಯೇ ಉಳಿದರೆ, ದುಭಾಷಿಯವರೆಗಿನ ದಾರಿ ಪೂರ್ತಿ ಸರಿಯಿದೆ ಎಂದು ಅರ್ಥ. ಕೇಬಲ್, ಡ್ರೈವರ್ ಇವುಗಳ ತಂಟೆಗೆ ಇನ್ನು ಹೋಗಬೇಡಿ. ತೊಂದರೆ ಇರುವುದು ಕೊನೆಯ ಎರಡು ಅಂಗುಲದಲ್ಲಿ. ಆರ್‌ಎಕ್ಸ್ ಕೂಡ ಮಿನುಗದಿದ್ದರೆ ನೀವು ಆರಿಸಿದ ಪೋರ್ಟೇ ಬೇರೆ ಇರಬಹುದು. ಹಳೆಯ ಕಂಪ್ಯೂಟರುಗಳಲ್ಲಿ ಕಾಂ 1 ಎಂಬುದು ಕಂಪ್ಯೂಟರಿನದೇ ಪೋರ್ಟ್ ಆಗಿರುತ್ತದೆ, ಬೋರ್ಡಿನದಲ್ಲ.

ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಆ ಕೊನೆಯ ಎರಡು ಅಂಗುಲದ ದೊಡ್ಡ ಅಪರಾಧಿ ಯಾರು ಗೊತ್ತೇ? ಬ್ಲೂಟೂತ್ ಮಾಡ್ಯೂಲ್. ಅಥವಾ ಜಿಎಸ್‌ಎಂ ಮಾಡ್ಯೂಲ್. ಮೊಬೈಲಿನಿಂದ ಬಲ್ಬ್ ಹಾಕುವ ಪ್ರಾಜೆಕ್ಟ್ ಪ್ರತಿ ವರ್ಷವೂ ಪ್ರತಿ ಕಾಲೇಜಿನಲ್ಲೂ ಇರುತ್ತದೆ, ಅದರಲ್ಲಿ ಎಚ್‌ಸಿ-05 ಮಾಡ್ಯೂಲನ್ನು 0 ಮತ್ತು 1 ಸಂಖ್ಯೆಯ ಪಿನ್‌ಗಳಿಗೆ ಜೋಡಿಸಿರುತ್ತಾರೆ. ಯುಎಸ್‌ಬಿ ದುಭಾಷಿಯೂ ಮಾತನಾಡುವುದು ಅದೇ 0 ಮತ್ತು 1 ಪಿನ್‌ಗಳ ಮೂಲಕ. ದುಭಾಷಿಯ ಮಾತು 1 ಕಿಲೋ ಓಮ್‌ನ ರೆಸಿಸ್ಟರ್ ದಾಟಿ ಬರುವುದರಿಂದ ಅದರ ದನಿ ಸಣ್ಣದು. ನೇರವಾಗಿ ಜೋಡಿಸಿದ ಮಾಡ್ಯೂಲಿನ ದನಿ ದೊಡ್ಡದು. ಎಟಿಮೆಗಾಕ್ಕೆ ಮಾಡ್ಯೂಲಿನ ದನಿಯೇ ಕೇಳಿಸುತ್ತದೆ, ಅಪ್‌ಲೋಡ್ ಸೋಲುತ್ತದೆ. ಅಪ್‌ಲೋಡ್ ಮಾಡುವ ಹೊತ್ತಿಗೆ ಆ ಎರಡು ತಂತಿ ಕಿತ್ತು, ಮುಗಿದ ಮೇಲೆ ಮತ್ತೆ ಸಿಕ್ಕಿಸಿ. ಇಲ್ಲವೇ ಸಾಫ್ಟ್‌ವೇರ್ ಸೀರಿಯಲ್ ಎಂಬ ಲೈಬ್ರರಿಯ ನೆರವಿನಿಂದ ಮಾಡ್ಯೂಲನ್ನು ಬೇರೆ ಪಿನ್‌ಗಳಿಗೆ ಬದಲಿಸಿ. ಪ್ರದರ್ಶನದ ಹಿಂದಿನ ರಾತ್ರಿ ಹತ್ತು ಗಂಟೆಗೆ 'ಬೆಳಿಗ್ಗೆಯಿಂದ ಅಪ್‌ಲೋಡ್ ಆಗುತ್ತಿಲ್ಲ' ಎಂದು ಅಳುವ ದನಿಯಲ್ಲಿ ಬರುವ ಫೋನಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: '0, 1ರಲ್ಲಿ ಏನಿದೆ?'

ಎಲ್ಲ ತಂತಿಗಳನ್ನೂ ಕಿತ್ತು ಬರಿಯ ಬೋರ್ಡನ್ನೇ ಸಿಕ್ಕಿಸಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಯುಎಸ್‌ಬಿ 2.0 ಸಾಕೆಟ್ ಕೊಡುವುದು 500 ಮಿಲಿಆಂಪಿಯರ್. ಉನೋದಲ್ಲಿ ಅದಕ್ಕೆ ತಕ್ಕ ಒಂದು ಫ್ಯೂಸ್ ಇದೆ, ಬಿಸಿಯಾದರೆ ತಡೆದು, ತಣ್ಣಗಾದರೆ ತಾನೇ ಸರಿಹೋಗುವಂಥದ್ದು. ಎರಡು ಸರ್ವೋ ಮೋಟಾರು, ನಾಲ್ಕು ರಿಲೇ ಇವೆಲ್ಲವನ್ನೂ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ಎಳೆದರೆ ಅಪ್‌ಲೋಡ್ ನಡುವೆ ಬೋರ್ಡ್ ಸಂಪರ್ಕ ಕಡಿದುಕೊಂಡು ಮತ್ತೆ ಬರುತ್ತದೆ. ಕಂಪ್ಯೂಟರ್ 'ಟಿಂಗ್' ಎಂದು ಮತ್ತೆ ಮತ್ತೆ ಸದ್ದು ಮಾಡುತ್ತಿದ್ದರೆ ಇದನ್ನೇ ಶಂಕಿಸಿ. ಮೋಟಾರಿಗೆ ಬೇರೆ ವಿದ್ಯುತ್ ಕೊಡಿ, ಎರಡರ ಗ್ರೌಂಡ್ ಮಾತ್ರ ಕೂಡಿಸಿ.

ನ್ಯಾನೋ ಬೋರ್ಡ್ ಇದ್ದವರಿಗೆ ಇನ್ನೊಂದು ಬಲೆ ಇದೆ. 2018ರ ಜನವರಿಯಿಂದ ಮೂಲ ನ್ಯಾನೋಗಳು ಹೊಸ ಬೂಟ್‌ಲೋಡರ್‌ನೊಂದಿಗೆ ಬರುತ್ತಿವೆ. ಹೊಸದು ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಮಾತನಾಡುತ್ತದೆ, ಹಳೆಯದು 57600ರಲ್ಲಿ. ಮಾರುಕಟ್ಟೆಯ ಎಷ್ಟೋ ಪ್ರತಿಗಳಲ್ಲಿ ಇರುವುದು ಇನ್ನೂ ಹಳೆಯದೇ. ನೀವು ಇಮ್ಮಡಿ ವೇಗದಲ್ಲಿ ಮಾತನಾಡಿದರೆ ಅದಕ್ಕೆ ಅಕ್ಷರವೂ ತಿಳಿಯುವುದಿಲ್ಲ. 'ಟೂಲ್ಸ್' ಪಟ್ಟಿಯಲ್ಲಿ 'ಪ್ರೊಸೆಸರ್' ಎಂಬಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ ನೋಡಿ. ಒಂದು ಕ್ಲಿಕ್. ಇದು ತಿಳಿಯದೆ ಡಬ್ಬಿಗಟ್ಟಲೆ ನ್ಯಾನೋ ಬೋರ್ಡ್‌ಗಳನ್ನು ಕೆಟ್ಟವೆಂದು ಮೂಲೆಗೆ ಎಸೆದಿರುವ ಪ್ರಯೋಗಾಲಯವನ್ನು ನಾನು ಕಂಡಿದ್ದೇನೆ. ಹೆಸರು ಬೇಡ.

ಇಷ್ಟಾದರೂ ಉತ್ತರವಿಲ್ಲದಿದ್ದರೆ ದಾರಿಯನ್ನು ನಡುವೆ ಕತ್ತರಿಸಿ ಪರೀಕ್ಷಿಸುವ ಒಂದು ಉಪಾಯವಿದೆ. ನನಗೆ ಬಹಳ ಪ್ರಿಯವಾದದ್ದು, ಖರ್ಚು ಎರಡು ತುಂಡು ತಂತಿ. ಬೋರ್ಡಿನ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಜೋಡಿಸಿ. ಈಗ ಎಟಿಮೆಗಾ ನಿದ್ದೆಯಲ್ಲಿದೆ, ಅಡ್ಡಬಾಯಿ ಹಾಕುವುದಿಲ್ಲ. 0 ಮತ್ತು 1 ಪಿನ್‌ಗಳನ್ನು ಒಂದಕ್ಕೊಂದು ಜೋಡಿಸಿ. ಸೀರಿಯಲ್ ಮಾನಿಟರ್ ತೆರೆದು ನಿಮ್ಮ ಹೆಸರು ಬರೆದು ಕಳುಹಿಸಿ. ಹೋದ ಹೆಸರು ತಿರುಗಿ ಬಂದರೆ ಕಂಪ್ಯೂಟರ್, ಡ್ರೈವರ್, ಕೇಬಲ್, ದುಭಾಷಿ ನಾಲ್ಕೂ ನಿರ್ದೋಷಿ. ಬಾರದಿದ್ದರೆ ಎಟಿಮೆಗಾವನ್ನು ದೂರುವುದು ಅನ್ಯಾಯ. ಒಂದೇ ನಿಮಿಷದ ಈ ಪರೀಕ್ಷೆ ಅರ್ಧ ದಾರಿಯನ್ನು ಅನುಮಾನದಿಂದ ಬಿಡಿಸಿಬಿಡುತ್ತದೆ.

ಹೆಸರು ತಿರುಗಿ ಬಂತು, ಆದರೂ ಅಪ್‌ಲೋಡ್ ಇಲ್ಲ. ತಂತಿಗಳನ್ನು ತೆಗೆದು ರೀಸೆಟ್ ಗುಂಡಿ ಒತ್ತಿ ಬಿಡಿ. ಉನೋದಲ್ಲಿ 'ಎಲ್' ಎಂದು ಬರೆದ ದೀಪ ಚುರುಕಾಗಿ ಮಿನುಗಿದರೆ ಬೂಟ್‌ಲೋಡರ್ ಬದುಕಿದೆ. ಹಾಗಿದ್ದರೆ ತಾನಾಗಿ ಆಗಬೇಕಾದ ರೀಸೆಟ್ ಆಗುತ್ತಿಲ್ಲವೋ ಏನೋ. ಅಪ್‌ಲೋಡ್ ಒತ್ತಿ, ಕೆಳಗೆ ಬೈಟ್‌ಗಳ ಲೆಕ್ಕ ಬಂದೊಡನೆ ಕೈಯಿಂದಲೇ ರೀಸೆಟ್ ಒತ್ತಿ ಬಿಡಿ. ಆ ಒಂದು ಸೆಕೆಂಡಿನ ಬಾಗಿಲನ್ನು ಹಿಡಿಯಲು ಎರಡು ಮೂರು ಸಲ ಯತ್ನಿಸಬೇಕಾಗಬಹುದು. ಸಿಕ್ಕಿದರೆ ದೋಷ ಆ ಪುಟ್ಟ ಕೆಪ್ಯಾಸಿಟರಿನ ದಾರಿಯಲ್ಲಿದೆ.

'ಎಲ್' ದೀಪವೂ ಮಿನುಗದಿದ್ದರೆ ಬೂಟ್‌ಲೋಡರ್ ಅಳಿಸಿಹೋಗಿರಬಹುದು. ಆಗಲೂ ಚಿಪ್ ಸತ್ತಿದೆ ಎನ್ನಬೇಡಿ. ಗೆಳೆಯನ ಒಳ್ಳೆಯ ಉನೋದಲ್ಲಿ 'ಆರ್ಡುಯಿನೋ ಐಎಸ್‌ಪಿ' ಎಂಬ ಉದಾಹರಣೆ ಸ್ಕೆಚ್ ಹಾಕಿ. ಅದರ 11, 12, 13 ಪಿನ್‌ಗಳನ್ನು ನಿಮ್ಮ ಬೋರ್ಡಿನ ಅದೇ ಸಂಖ್ಯೆಗಳಿಗೆ, 10ನ್ನು ನಿಮ್ಮ ಬೋರ್ಡಿನ ರೀಸೆಟ್‌ಗೆ, 5 ವೋಲ್ಟ್ ಮತ್ತು ಗ್ರೌಂಡನ್ನು ಅವುಗಳಿಗೇ ಜೋಡಿಸಿ. ಗೆಳೆಯನ ಬೋರ್ಡಿನ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಅದರ ಋಣ ಕಾಲು ಗ್ರೌಂಡಿಗೆ. ಪ್ರೋಗ್ರಾಮರ್ ಪಟ್ಟಿಯಲ್ಲಿ 'ಆರ್ಡುಯಿನೋ ಆ್ಯಸ್ ಐಎಸ್‌ಪಿ' ಆರಿಸಿ 'ಬರ್ನ್ ಬೂಟ್‌ಲೋಡರ್' ಒತ್ತಿ. ಈ ದಾರಿಯಲ್ಲಿ ಚಿಪ್ ತನ್ನ ಸಹಿಯನ್ನು ಹೇಳಬೇಕು. 328ಪಿ ಚಿಪ್ಪಿನ ಸಹಿ ಹೆಕ್ಸ್‌ನಲ್ಲಿ 1ಇ 95 0ಎಫ್. ಕೊನೆಯಲ್ಲಿ 14 ಎಂದು ಬಂದು ದೋಷ ತೋರಿಸಿದರೆ ಅದು 328ಪಿ ಅಲ್ಲ, ಬರಿಯ 328. ಚಿಪ್ ಜೀವಂತವಿದೆ, ನಾವು ಕರೆದ ಹೆಸರು ಬೇರೆಯಾಯಿತು. ಜೋಡಣೆಯೆಲ್ಲ ಸರಿಯಿದ್ದೂ ಸಹಿ ಬರಿಯ ಸೊನ್ನೆಗಳಾಗಿ ಬಂದರೆ, ಚಿಪ್ ಸುಟ್ಟಿದೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆಗಲೂ ಉದ್ದ ಕಾಲುಗಳ ಚಿಪ್ ಇರುವ ಉನೋದಲ್ಲಿ ಚಿಪ್ಪನ್ನಷ್ಟೇ ಕಿತ್ತು ಬೇರೆಯದನ್ನು ಕೂರಿಸಬಹುದು, ಬೋರ್ಡ್ ಎಸೆಯಬೇಕಾಗಿಲ್ಲ.

ಇಎಸ್‌ಪಿ32 ಬಳಸುವವರು ಕೈ ಎತ್ತಿದ್ದನ್ನು ನೋಡಿದೆ. ವೈಫೈ ಇರುವ ಆ ಬೋರ್ಡಿನಲ್ಲಿ ದಾರಿ ಇದೇ, ಬಾಗಿಲು ಬೇರೆ. ಚಿಪ್ ಎದ್ದೇಳುವಾಗ 0 ಸಂಖ್ಯೆಯ ಜಿಪಿಐಒ ಪಿನ್ ಕೆಳಮಟ್ಟದಲ್ಲಿದ್ದರೆ ಮಾತ್ರ ಅದು ಹೊಸ ಪ್ರೋಗ್ರಾಮನ್ನು ಸ್ವೀಕರಿಸುತ್ತದೆ. 'ಕನೆಕ್ಟಿಂಗ್' ಎಂದು ಚುಕ್ಕಿಗಳು ಮೂಡುತ್ತಿರುವಾಗ ಬೋರ್ಡಿನ 'ಬೂಟ್' ಗುಂಡಿಯನ್ನು ಒತ್ತಿ ಹಿಡಿಯಿರಿ, ಬರೆಯುವುದು ಶುರುವಾದಾಗ ಬಿಡಿ. ಪ್ರತಿ ಸಲವೂ ಒತ್ತುವುದು ಬೇಸರವಾದರೆ 'ಇಎನ್' ಪಿನ್ ಮತ್ತು ಗ್ರೌಂಡ್ ನಡುವೆ ಒಂದು 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಅನೇಕ ಬೋರ್ಡ್‌ಗಳಲ್ಲಿ ಸಮಸ್ಯೆ ನೀಗುತ್ತದೆ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ ಬಂದ ಮೇಲೆ ಹೈಸ್ಕೂಲುಗಳಿಗೂ ಈ ಬೋರ್ಡ್‌ಗಳು ಬಂದಿವೆ. ನಿಮ್ಮ ಶಾಲೆಯಲ್ಲಿದ್ದರೆ ಬೀರುವಿನಲ್ಲಿ ಒಂದು ಡಬ್ಬಿ ಇಡಿ. ಅದರಲ್ಲಿ ಪರೀಕ್ಷಿಸಿದ ಎರಡು ಕೇಬಲ್, 'ಡೇಟಾ' ಎಂದು ಚೀಟಿ ಅಂಟಿಸಿ. ಸರಿಯಿದೆ ಎಂದು ಖಚಿತವಾದ ಒಂದು ಉನೋ, ಅದನ್ನು ಯಾವ ಪ್ರಾಜೆಕ್ಟಿಗೂ ಕೊಡಬೇಡಿ. ಜೊತೆಗೆ ಒಂದು ನೋಟ್‌ಬುಕ್. ದೋಷ ಬಂದಾಗ ವಿದ್ಯಾರ್ಥಿ ಮೊದಲು ಆ ಸಂದೇಶವನ್ನು ಅಕ್ಷರಶಃ ಬರೆಯಲಿ, ನಂತರ ಬದಲಿಸಿದ್ದು ಏನು, ಆದದ್ದು ಏನು ಎಂದು ಬರೆಯಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಲಿ. ಕೇಬಲ್, ಡ್ರೈವರ್, ಬೋರ್ಡ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ಗೊತ್ತಾಗದೆ, ಮುಂದಿನ ವಾರ ಅದೇ ಕೆಂಪು ಸಾಲಿನ ಮುಂದೆ ಮತ್ತೆ ಮೊದಲಿನಿಂದ ನಿಲ್ಲಬೇಕು.

ಊಟದ ನಂತರ ಪಕ್ಕದ ಕೊಠಡಿಯಲ್ಲಿ ನಾನು ಇರುತ್ತೇನೆ. ಕೆಟ್ಟಿದೆ ಎಂದು ನೀವು ಪಕ್ಕಕ್ಕಿಟ್ಟ ಬೋರ್ಡ್‌ಗಳನ್ನು ತರಲು ಮೊದಲೇ ತಿಳಿಸಿದ್ದೆವು, ಹದಿನಾಲ್ಕು ಬಂದಿವೆ. ಅವುಗಳನ್ನು ನಾನು ಮುಟ್ಟುವುದಿಲ್ಲ, ನೀವೇ ಇಬ್ಬಿಬ್ಬರು ಕುಳಿತು ನೋಡಿ. ಅಲ್ಲಿ ಆರು ಕೇಬಲ್‌ಗಳಿವೆ, ಅವುಗಳಲ್ಲಿ ಎರಡು ಚಾರ್ಜಿಂಗ್‌ನವು. ಯಾವುವು ಎಂದು ನಾನು ಹೇಳುವುದಿಲ್ಲ.